ನಾಯಿಗೆ ನಾಯಿಯೇ ಹಗೆ ಏಕೆ? ಜಗಳದ ಹಿಂದಿನ ಕಾರಣಗಳು

ಮನೆಮಂದಿಯೊಂದಿಗೆ ಮಗುವಿನಂತೆ ಆಡುವ, ಮನೆಗೆ ಬಂದ ಅತಿಥಿಗಳ ಮಡಿಲಲ್ಲಿ ತಲೆಯಿಡುವ ನಾಯಿಯು ಎದುರಿನಿಂದ ಇನ್ನೊಂದು ನಾಯಿ ಬಂದೊಡನೆ ಹಲ್ಲು ಕಿರಿದು ಮೇಲೆರಗಲು ಮುಂದಾಗುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂತಹ ನಗರಗಳ ಬಡಾವಣೆಗಳಲ್ಲಿ ಬೆಳಗಿನ ವಾಯುವಿಹಾರಕ್ಕೆ ಹೊರಡುವವರಿಗೆ ಇದು ಅಪರೂಪದ ದೃಶ್ಯವೇನಲ್ಲ. ಸರಪಳಿ ಹಿಡಿದ ಮಾಲೀಕರು ಒಂದೆಡೆ ನಾಯಿಯನ್ನು ಎಳೆಯುತ್ತ, ಇನ್ನೊಂದೆಡೆ ಅಕ್ಕಪಕ್ಕದವರ ಆಕ್ಷೇಪಕ್ಕೆ ಉತ್ತರಿಸುತ್ತ ಮುಜುಗರ ಅನುಭವಿಸುತ್ತಾರೆ. ಕೊನೆಗೆ ನಾಯಿಯ 'ಸ್ವಭಾವವೇ ಕೆಟ್ಟದ್ದು' ಎಂಬ ತೀರ್ಮಾನಕ್ಕೆ ಬರುತ್ತಾರೆ. ಏಟು, ಗದರಿಕೆ ಆರಂಭವಾಗುತ್ತದೆ. ಅದೂ ಫಲಿಸದಿದ್ದಾಗ ನಾಯಿಯನ್ನು ದಿನವಿಡೀ ಕಟ್ಟಿಹಾಕುವುದು, ಕೆಲವೊಮ್ಮೆ ದೂರದ ರಸ್ತೆಯಲ್ಲಿ ಬಿಟ್ಟು ಬರುವುದೂ ಉಂಟು.

ಆದರೆ ಪ್ರಾಣಿವರ್ತನೆಯ ಕುರಿತು ಕಳೆದ ಆರು ದಶಕಗಳಲ್ಲಿ ನಡೆದಿರುವ ಅಧ್ಯಯನಗಳು ಬೇರೆಯದೇ ಚಿತ್ರಣ ನೀಡುತ್ತವೆ. ಇನ್ನೊಂದು ನಾಯಿಯ ಮೇಲೆ ಎರಗುವ ನಾಯಿಗಳ ಪೈಕಿ ಬಹುಪಾಲು 'ಕೆಟ್ಟ' ನಾಯಿಗಳಲ್ಲ, ಯಜಮಾನಿಕೆಗಾಗಿ ಹಂಬಲಿಸುವ ನಾಯಿಗಳೂ ಅಲ್ಲ. ಅವು ಹೆದರಿದ ನಾಯಿಗಳು, ಹತಾಶಗೊಂಡ ನಾಯಿಗಳು ಅಥವಾ ನೋವಿನಲ್ಲಿರುವ ನಾಯಿಗಳು. ಕಾರಣ ಯಾವುದೆಂದು ತಿಳಿಯದೆ ಕೈಗೊಳ್ಳುವ ಕ್ರಮವು ಸಮಸ್ಯೆಯನ್ನು ಬಗೆಹರಿಸುವ ಬದಲು ಉಲ್ಬಣಗೊಳಿಸುವ ಸಾಧ್ಯತೆಯೇ ಹೆಚ್ಚು.

ಕಚ್ಚುವ ಮುನ್ನ ನಾಯಿ ಹೇಳುವುದೇನು?

ಕಾದಾಟ ಯಾವುದೇ ಪ್ರಾಣಿಗೂ ದುಬಾರಿ. ಗೆದ್ದ ನಾಯಿಗೂ ಗಾಯ ತಪ್ಪಿದ್ದಲ್ಲ. ಆದ್ದರಿಂದಲೇ ನಾಯಿಗಳು ಕಚ್ಚಾಟವನ್ನು ತಪ್ಪಿಸಿಕೊಳ್ಳಲು ಮೈಮಾತಿನ ವಿಸ್ತಾರವಾದ ವ್ಯವಸ್ಥೆಯೊಂದನ್ನು ರೂಢಿಸಿಕೊಂಡಿವೆ. ಮುಖ ಪಕ್ಕಕ್ಕೆ ತಿರುಗಿಸುವುದು, ತುಟಿ ನೆಕ್ಕಿಕೊಳ್ಳುವುದು, ನಿದ್ರೆ ಬಾರದಿದ್ದರೂ ಆಕಳಿಸುವುದು, ನೇರವಾಗಿ ಬಾರದೆ ಬಳಸಿಕೊಂಡು ಸಮೀಪಿಸುವುದು, ನೆಲ ಮೂಸುವುದು ಇವೆಲ್ಲ ಜಗಳ ಬೇಡವೆಂಬ ಸೂಚನೆಗಳು. ಬಾಲ ಕಾಲುಗಳ ನಡುವೆ ಸೇರಿ ಕಿವಿ ಹಿಂದಕ್ಕೆ ಮಡಚಿದ್ದರೆ ಅದು ಭಯದ ಲಕ್ಷಣ. ದೇಹ ಸೆಟೆದುಕೊಂಡು, ಬಾಯಿ ಮುಚ್ಚಿ, ಬಾಲ ಮೇಲೆತ್ತಿ, ಎವೆಯಿಕ್ಕದೆ ದಿಟ್ಟಿಸುತ್ತಿದ್ದರೆ ಎಚ್ಚರಿಕೆಯ ಹಂತ ತಲುಪಿದೆ ಎಂದರ್ಥ. ಅದರ ನಂತರದ್ದೇ ಗುರುಗುಟ್ಟುವಿಕೆ.

ಬಾಲ ಆಡಿಸುವ ನಾಯಿಯೆಲ್ಲ ಸಂತೋಷವಾಗಿದೆ ಎಂಬ ಸಾಮಾನ್ಯ ನಂಬಿಕೆಯೂ ಸಂಪೂರ್ಣ ನಿಜವಲ್ಲ. ಇಟಲಿಯ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ನಾಯಿಗಳು ತಮ್ಮ ಮಾಲೀಕರನ್ನು ಕಂಡಾಗ ಬಾಲವನ್ನು ಹೆಚ್ಚಾಗಿ ತಮ್ಮ ಬಲಕ್ಕೂ, ಅಪರಿಚಿತವಾದ ಜೋರಿನ ನಾಯಿಯನ್ನು ಕಂಡಾಗ ಎಡಕ್ಕೂ ಆಡಿಸುತ್ತವೆ. ಇದೇ ತಂಡ 2013ರಲ್ಲಿ ಇನ್ನೊಂದು ಸಂಗತಿಯನ್ನು ಹೊರಗೆಡಹಿತು. ಎಡಕ್ಕೆ ಬಾಲವಾಡಿಸುವ ನಾಯಿಯ ಚಿತ್ರವನ್ನು ನೋಡುವ ನಾಯಿಗಳ ಎದೆಬಡಿತ ಏರುತ್ತದೆ, ಅವು ಆತಂಕಗೊಳ್ಳುತ್ತವೆ. ಅಂದರೆ ಮನುಷ್ಯರ ಕಣ್ಣಿಗೆ ಬೀಳದ ಸಂಜ್ಞೆಯನ್ನೂ ನಾಯಿಗಳು ಪರಸ್ಪರ ಓದಿಕೊಳ್ಳುತ್ತವೆ.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಪ್ರಚಲಿತದಲ್ಲಿದೆ. ಅದನ್ನು ನಂಬಿ ಹತ್ತಿರ ಹೋಗುವುದು ಸಲ್ಲದು. ಆದರೆ ಬೊಗಳುವ, ಗುರುಗುಟ್ಟುವ ನಾಯಿ ಕಚ್ಚುವುದಕ್ಕೆ ಮುಂಚೆ ಒಂದು ಅವಕಾಶ ನೀಡುತ್ತಿದೆ ಎಂಬುದಂತೂ ದಿಟ. ಗುರುಗುಟ್ಟಿದ್ದಕ್ಕಾಗಿ ಪದೇಪದೇ ಪೆಟ್ಟು ತಿಂದ ನಾಯಿ ಗುರುಗುಟ್ಟುವುದನ್ನು ನಿಲ್ಲಿಸುತ್ತದೆಯೇ ಹೊರತು ಅದರೊಳಗಿನ ಭಯ ಹೋಗುವುದಿಲ್ಲ. ಮುಂದಿನ ಬಾರಿ ಅದು ಸೂಚನೆಯನ್ನೇ ನೀಡದೆ ಕಚ್ಚುತ್ತದೆ. 'ಏನೂ ಮಾಡದಿದ್ದ ನಾಯಿ ಇದ್ದಕ್ಕಿದ್ದಂತೆ ಎರಗಿತು' ಎಂಬ ದೂರುಗಳ ಹಿಂದೆ ಅನೇಕ ಸಲ ಇಂತಹ ಇತಿಹಾಸವಿರುತ್ತದೆ.

ಭಯವೇ ಮೊದಲ ಕಾರಣ

ಅಪರಿಚಿತ ನಾಯಿಗಳ ಮೇಲಿನ ಆಕ್ರಮಣಕ್ಕೆ ಪಶುವೈದ್ಯರು ಹೆಚ್ಚಾಗಿ ಗುರುತಿಸುವ ಕಾರಣ ಭಯ. ಹೆದರಿದ ನಾಯಿಗೆ ಎರಡು ದಾರಿಗಳಿರುತ್ತವೆ. ಒಂದು ಓಡುವುದು, ಇನ್ನೊಂದು ಎದುರಾಳಿಯನ್ನು ಓಡಿಸುವುದು. ಬೊಗಳಿ ಮುನ್ನುಗ್ಗಿದಾಗ ಎದುರಿನ ನಾಯಿ ದೂರ ಸರಿದರೆ, ಈ ಉಪಾಯ ಫಲಿಸಿತೆಂದು ಹೆದರಿದ ನಾಯಿ ಕಲಿಯುತ್ತದೆ. ವಾಸ್ತವದಲ್ಲಿ ಎದುರಿನ ನಾಯಿಯ ಮಾಲೀಕರು ತಮ್ಮ ಪಾಡಿಗೆ ಮುಂದೆ ಸಾಗಿರಬಹುದು. ಆದರೆ ನಾಯಿಯ ಲೆಕ್ಕದಲ್ಲಿ ಗೆಲುವು ಅದರದ್ದೇ. ಪ್ರತಿದಿನ ಪುನರಾವರ್ತನೆಯಾಗುವ ಈ 'ಗೆಲುವು' ಕೆಲವೇ ತಿಂಗಳುಗಳಲ್ಲಿ ಅಭ್ಯಾಸವಾಗಿ ಬೇರೂರುತ್ತದೆ.

ಈ ಭಯದ ಮೂಲ ಬಹುಮಟ್ಟಿಗೆ ಮರಿಯಾಗಿದ್ದಾಗಿನ ದಿನಗಳಲ್ಲಿರುತ್ತದೆ. ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ನಡೆಸಿ 1965ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಸುದೀರ್ಘ ಅಧ್ಯಯನವು ಈ ವಿಷಯದಲ್ಲಿ ಇಂದಿಗೂ ಆಧಾರಸ್ತಂಭವಾಗಿದೆ. ಮರಿಗೆ ಸುಮಾರು 3 ವಾರ ತುಂಬಿದಾಗಿನಿಂದ 12ರಿಂದ 14 ವಾರಗಳವರೆಗಿನ ಅವಧಿಯಲ್ಲಿ ಅದು ಯಾರ್‍ಯಾರನ್ನು, ಏನೇನನ್ನು ಕಂಡು ಒಡನಾಡುತ್ತದೆಯೋ ಅವನ್ನೆಲ್ಲ ತನ್ನ ಲೋಕದ ಭಾಗವೆಂದು ಸ್ವೀಕರಿಸುತ್ತದೆ. ಆ ಅವಧಿ ಮುಗಿದ ಮೇಲೆ ಎದುರಾಗುವ ಹೊಸದೆಲ್ಲವೂ ಮೊದಲು ಸಂಶಯಕ್ಕೆ, ಬಳಿಕ ಭಯಕ್ಕೆ ಕಾರಣವಾಗುತ್ತದೆ.

ಒಡಹುಟ್ಟಿದ ಮರಿಗಳೊಂದಿಗೆ ಆಡುವಾಗಲೇ ನಾಯಿ ತನ್ನ ಕಡಿತದ ಬಲವನ್ನು ಹತೋಟಿಯಲ್ಲಿಡಲು ಕಲಿಯುತ್ತದೆ. ಜೋರಾಗಿ ಕಚ್ಚಿದರೆ ಜೊತೆಯ ಮರಿ ಚೀರುತ್ತದೆ, ಆಟ ನಿಲ್ಲುತ್ತದೆ. ತೀರಾ ಎಳೆಯ ವಯಸ್ಸಿನಲ್ಲಿ, ಅಂದರೆ 30ರಿಂದ 40 ದಿನಗಳೊಳಗೆ ತಾಯಿಯಿಂದ ಬೇರ್ಪಡಿಸಿದ ಮರಿಗಳಲ್ಲಿ ಎರಡು ತಿಂಗಳ ಬಳಿಕ ಬೇರ್ಪಡಿಸಿದವುಗಳಿಗಿಂತ ವರ್ತನೆಯ ತೊಂದರೆಗಳು ಹೆಚ್ಚೆಂದು 2011ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದು ತಿಳಿಸಿದೆ. ಭಾರತದಲ್ಲಿ 2017ರ ನಾಯಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು 8 ವಾರ ತುಂಬದ ಮರಿಯ ಮಾರಾಟವನ್ನು ನಿರ್ಬಂಧಿಸಿವೆ. ಹತ್ತಿಯುಂಡೆಯಂತಹ ಒಂದು ತಿಂಗಳ ಮರಿಯನ್ನು ಮುದ್ದೆಂದು ಕೊಂಡು ತರುವವರು ಅದರ ಮುಂದಿನ ಹತ್ತು ವರ್ಷಗಳ ಸ್ವಭಾವವನ್ನೂ ಕೊಂಡು ತರುತ್ತಿದ್ದೇವೆಂಬುದನ್ನು ಮರೆಯಬಾರದು.

ಲಸಿಕೆಗಳೆಲ್ಲ ಮುಗಿಯುವವರೆಗೆ ಮರಿಯನ್ನು ಹೊರಗೆ ಒಯ್ಯಲೇಬಾರದೆಂಬ ರೂಢಿಯೂ ಇದರೊಂದಿಗೆ ಸೇರಿಕೊಂಡಿದೆ. ಪಾರ್ವೊ, ಡಿಸ್ಟೆಂಪರ್‌ನಂತಹ ಮಾರಕ ರೋಗಗಳ ಭೀತಿ ನಿಜವಾದುದೇ. ಆದರೆ ಅಮೆರಿಕದ ಪ್ರಾಣಿವರ್ತನೆ ಪಶುವೈದ್ಯರ ಸಂಘವು 2008ರಲ್ಲಿ ಹೊರಡಿಸಿದ ಹೇಳಿಕೆಯಂತೆ, ಮೊದಲ ಲಸಿಕೆಯಾದ ಏಳು ದಿನಗಳ ಬಳಿಕ, 7ರಿಂದ 8 ವಾರದ ಮರಿಯನ್ನು ಸ್ವಚ್ಛವಾದ ಸ್ಥಳದಲ್ಲಿ ಲಸಿಕೆ ಪಡೆದ ಆರೋಗ್ಯವಂತ ನಾಯಿಗಳೊಂದಿಗೆ ಬೆರೆಯಲು ಬಿಡಬಹುದು. ಬೀದಿಯ ಕಸದ ರಾಶಿಯ ಬಳಿ ಬಿಡುವುದಕ್ಕೂ ಪರಿಚಿತರ ಮನೆಯಂಗಳದಲ್ಲಿ ಆಡಿಸುವುದಕ್ಕೂ ಇರುವ ಅಂತರವನ್ನು ಅರಿತರೆ ಸಾಕು.

ಬೆಳೆದ ನಾಯಿಯಲ್ಲೂ ಒಂದೇ ಒಂದು ಘಟನೆಯಿಂದ ಭಯ ಬೇರೂರಬಹುದು. ಬೀದಿ ನಾಯಿಗಳ ಗುಂಪಿನಿಂದ ಒಮ್ಮೆ ಕಡಿಸಿಕೊಂಡ ನಾಯಿ, ಅನಂತರ ಎಲ್ಲ ನಾಯಿಗಳನ್ನೂ ಅದೇ ಕಣ್ಣಿನಿಂದ ನೋಡುವುದು ಸಹಜ.

ಸರಪಳಿ ಬಿಗಿದಷ್ಟೂ ಸಿಟ್ಟು

ಬಯಲಿನಲ್ಲಿ ಬಿಟ್ಟಾಗ ಇತರ ನಾಯಿಗಳೊಂದಿಗೆ ಸೌಮ್ಯವಾಗಿರುವ ನಾಯಿ, ಸರಪಳಿ ಹಾಕಿದೊಡನೆ ಉಗ್ರರೂಪ ತಾಳುವುದುಂಟು. ಸರಪಳಿಯಿರುವಾಗ ನಾಯಿಗೆ ಬಳಸಿಕೊಂಡು ಹೋಗುವ, ದೂರ ಸರಿಯುವ ಸ್ವಾತಂತ್ರ್ಯವಿರುವುದಿಲ್ಲ. ಇಕ್ಕಟ್ಟಿನ ಕಾಲುದಾರಿಯಲ್ಲಿ ಎರಡು ನಾಯಿಗಳು ಮುಖಾಮುಖಿಯಾಗಿ ನಡೆಯಬೇಕಾಗುತ್ತದೆ. ನಾಯಿಗಳ ಲೋಕದಲ್ಲಿ ಹೀಗೆ ನೇರವಾಗಿ ಎದುರು ಬರುವುದೇ ಅಸಭ್ಯತೆ. ಜೊತೆಗೆ ಮಾಲೀಕರು ಗಾಬರಿಯಿಂದ ಸರಪಳಿ ಬಿಗಿಹಿಡಿಯುತ್ತಾರೆ. ಕುತ್ತಿಗೆಯ ಬೆಲ್ಟು ಬಿಗಿಯುತ್ತದೆ. ಎದುರಿನಿಂದ ನಾಯಿ ಬಂದಾಗಲೆಲ್ಲ ಕುತ್ತಿಗೆಗೆ ನೋವಾಗುತ್ತದೆ ಎಂಬ ಸಂಬಂಧ ನಾಯಿಯ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ.

ಇನ್ನು ಕೆಲವು ನಾಯಿಗಳಲ್ಲಿ ಇದು ಭಯವಲ್ಲ, ಹತಾಶೆ. ಹೋಗಿ ಆಡಬೇಕೆಂಬ ಆಸೆ, ಹೋಗಲು ಬಿಡದ ಸರಪಳಿ. ಗೇಟಿನ ಹಿಂದೆ, ಬಾಲ್ಕನಿಯ ಸರಳುಗಳ ಹಿಂದೆ ದಿನವಿಡೀ ನಿಂತು ರಸ್ತೆಯ ನಾಯಿಗಳನ್ನು ಕಂಡು ಬೊಗಳುವ ನಾಯಿಗಳ ಸ್ಥಿತಿಯೂ ಇದೇ. ತಡೆಯ ಹಿಂದಿನ ಈ ಹತಾಶೆ ಕಾಲಕ್ರಮೇಣ ನಿಜವಾದ ಹಗೆಯಾಗಿ ಮಾರ್ಪಡುತ್ತದೆ.

ದೇಹದೊಳಗಿನ ರಾಸಾಯನಿಕಗಳೂ ಇದರಲ್ಲಿ ಪಾತ್ರ ವಹಿಸುವ ಸೂಚನೆಗಳಿವೆ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಇವಾನ್ ಮ್ಯಾಕ್ಲೀನ್ ನೇತೃತ್ವದ ತಂಡವು 2017ರಲ್ಲಿ, ಸರಪಳಿಯಲ್ಲಿರುವಾಗ ಇತರ ನಾಯಿಗಳ ಮೇಲೆ ಎರಗುವ ನಾಯಿಗಳನ್ನೂ ಅದೇ ವಯಸ್ಸು, ತಳಿ, ಲಿಂಗದ ಶಾಂತ ನಾಯಿಗಳನ್ನೂ ಹೋಲಿಸಿ ನೋಡಿತು. ಎರಗುವ ನಾಯಿಗಳ ರಕ್ತದಲ್ಲಿ ವಾಸೊಪ್ರೆಸಿನ್ ಎಂಬ ಹಾರ್ಮೋನಿನ ಒಟ್ಟು ಪ್ರಮಾಣ ಹೆಚ್ಚಾಗಿತ್ತು. ಹಾರ್ಮೋನಿನಿಂದ ಸಿಟ್ಟೋ, ಸಿಟ್ಟಿನಿಂದ ಹಾರ್ಮೋನೋ ಎಂಬುದನ್ನು ಇಂತಹ ಹೋಲಿಕೆಯಿಂದ ಹೇಳಲಾಗದು. ಆದರೆ ಬೊಗಳಿ ಎರಗುವ ನಾಯಿ ಬೇಕೆಂದೇ ಹಠ ಮಾಡುತ್ತಿಲ್ಲ, ಅದರ ದೇಹವೇ ಒತ್ತಡದ ಸ್ಥಿತಿಯಲ್ಲಿದೆ ಎಂಬುದನ್ನು ಇದು ನೆನಪಿಸುತ್ತದೆ.

ಒಂದೇ ಮನೆಯ ಎರಡು ನಾಯಿಗಳು

ಹೊರಗಿನ ನಾಯಿಗಳೊಂದಿಗಿನ ಜಗಳವೇ ಬೇರೆ, ಒಂದೇ ಮನೆಯ ನಾಯಿಗಳ ನಡುವಿನ ಜಗಳವೇ ಬೇರೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಹೀಗೆ ಕಾದಾಡುವ 38 ಜೋಡಿಗಳನ್ನು ಪರಿಶೀಲಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ ಶೇ 79ರಷ್ಟು ಜೋಡಿಗಳು ಒಂದೇ ಲಿಂಗದವು. ಗಂಡು ನಾಯಿಗಳೇ ಜಗಳಗಂಟಿಗಳೆಂಬ ಸಾಮಾನ್ಯ ಅಭಿಪ್ರಾಯಕ್ಕೆ ವ್ಯತಿರಿಕ್ತವಾಗಿ, ಹೆಚ್ಚಿನ ಜೋಡಿಗಳಲ್ಲಿ ಹೆಣ್ಣು ನಾಯಿಗಳಿದ್ದವು. ಜಗಳ ಆರಂಭಿಸುತ್ತಿದ್ದುದು ಬಹುತೇಕ ಪ್ರಕರಣಗಳಲ್ಲಿ ಕಿರಿಯ ಅಥವಾ ಮನೆಗೆ ಹೊಸದಾಗಿ ಬಂದ ನಾಯಿ. ಮಾಲೀಕರ ಗಮನ, ಆಹಾರ, ಅತಿಯಾದ ಉತ್ಸಾಹ, ಸಿಕ್ಕ ವಸ್ತುಗಳು ಇವೇ ಜಗಳದ ಕಿಡಿಗಳಾಗಿದ್ದವು.

ಮಾಲೀಕರು ಕಚೇರಿಯಿಂದ ಮರಳಿ ಬಾಗಿಲು ತೆರೆಯುವ ಕ್ಷಣ, ಊಟದ ತಟ್ಟೆ ಇಡುವ ಹೊತ್ತು, ಇಕ್ಕಟ್ಟಾದ ಓಣಿಯಂತಹ ಜಾಗ ಇವೇ ಹೆಚ್ಚು ಅಪಾಯಕಾರಿ. ಎರಡು ಕೊಠಡಿಗಳ ಫ್ಲ್ಯಾಟಿನಲ್ಲಿ ಎರಡು ದೊಡ್ಡ ನಾಯಿಗಳನ್ನು ಸಾಕುವವರು ತಟ್ಟೆ, ಹಾಸಿಗೆ, ಆಟಿಕೆಗಳನ್ನು ಪ್ರತ್ಯೇಕವಾಗಿಡುವುದರಿಂದಲೇ ಅರ್ಧ ಜಗಳವನ್ನು ತಪ್ಪಿಸಬಹುದು.

ಬೀದಿಯ ಗಡಿರೇಖೆಗಳು

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನಗರದ ಬೀದಿ ನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷ ಎಂದು ಅಂದಾಜಿಸಲಾಗಿತ್ತು. 2019ರ ಸಮೀಕ್ಷೆಯಲ್ಲಿ ಅದು ಸುಮಾರು 3.10 ಲಕ್ಷವಿತ್ತು. ಈ ನಾಯಿಗಳು ಅಡ್ಡಾದಿಡ್ಡಿಯಾಗಿ ಅಲೆಯುವುದಿಲ್ಲ. ಒಂದೊಂದು ಗುಂಪಿಗೂ ಬೀದಿ, ತಿರುವು, ಹೋಟೆಲಿನ ಹಿಂಭಾಗ, ಮಾಂಸದಂಗಡಿಯ ಮುಂಭಾಗ ಎಂಬ ತನ್ನದೇ ಸರಹದ್ದು ಇರುತ್ತದೆ. ಮೂತ್ರದ ಗುರುತುಗಳಿಂದ ಅದನ್ನು ಸಾರಲಾಗುತ್ತದೆ. ಗಡಿ ದಾಟಿದ ನಾಯಿಯ ಮೇಲೆ, ಅದು ಸರಪಳಿ ಹಿಡಿದ ಸಾಕುನಾಯಿಯೇ ಆಗಿರಲಿ, ಗುಂಪು ಬೀಳುತ್ತದೆ.

ಆದರೆ ಇಲ್ಲೂ ಕಣ್ಣುಮುಚ್ಚಿ ಕಾದಾಟ ನಡೆಯುವುದಿಲ್ಲ. ರೋಮ್ ನಗರದ ಹೊರವಲಯದ ಬೀದಿ ನಾಯಿಗಳನ್ನು ಗಮನಿಸಿ 2011ರಲ್ಲಿ ಪ್ರಕಟಿಸಲಾದ ಅಧ್ಯಯನವೊಂದು, ಗುಂಪುಗಳು ಎದುರಾಳಿಗಳ ಸಂಖ್ಯೆಯನ್ನು ಅಂದಾಜು ಮಾಡಿ, ತಮ್ಮ ಸಂಖ್ಯೆ ಕಡಿಮೆಯಿದ್ದಾಗ ಹಿಂದೆ ಸರಿಯುತ್ತವೆಂದು ತೋರಿಸಿದೆ. ಬೆದೆಯ ಕಾಲದಲ್ಲಿ ಹೆಣ್ಣಿಗಾಗಿ ಗಂಡುಗಳ ನಡುವೆ, ಮರಿ ಹಾಕಿದ ಬಳಿಕ ಮರಿಗಳ ರಕ್ಷಣೆಗಾಗಿ ತಾಯಿನಾಯಿಗಳಿಂದ ಜಗಳಗಳು ಹೆಚ್ಚುತ್ತವೆ.

ನಾಯಿಗಳನ್ನು ಒಂದು ಬಡಾವಣೆಯಿಂದ ಹಿಡಿದು ಮತ್ತೊಂದರಲ್ಲಿ ಬಿಡುವುದರಿಂದ ಜಗಳ ಹೆಚ್ಚುವುದಕ್ಕೂ ಇದೇ ಕಾರಣ. ಸ್ಥಳಾಂತರಗೊಂಡ ನಾಯಿ ಬೇರೆ ಗುಂಪಿನ ಗಡಿಯೊಳಗೆ ಬೀಳುತ್ತದೆ. ತೆರವಾದ ಜಾಗಕ್ಕೆ ಹೊಸ ನಾಯಿಗಳು ಬಂದು ಗಡಿಗಾಗಿ ಕಾದಾಡುತ್ತವೆ. ಶಸ್ತ್ರಚಿಕಿತ್ಸೆ ಹಾಗೂ ಲಸಿಕೆಯ ನಂತರ ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕೆಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಈ ಕ್ರಮವನ್ನು ಎತ್ತಿಹಿಡಿದು, ರೇಬೀಸ್ ತಗುಲಿದ ಅಥವಾ ಆಕ್ರಮಣಕಾರಿ ವರ್ತನೆಯ ನಾಯಿಗಳನ್ನು ಮಾತ್ರ ಹೊರತುಪಡಿಸಿತ್ತು. ಅದೇ ವರ್ಷದ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂತಹ ಆವರಣಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಯೇ ಮರಳಿ ಬಿಡಬಾರದೆಂದು ಸೂಚಿಸಿತು.

'ಆಕ್ರಮಣಕಾರಿ' ಎಂಬ ಹಣೆಪಟ್ಟಿಗೆ ಹೀಗೆ ಕಾನೂನಿನ ತೂಕ ಬಂದಿರುವಾಗ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಇತರ ನಾಯಿಗಳೊಂದಿಗೆ ಜಗಳವಾಡುವ ನಾಯಿ ಮನುಷ್ಯರನ್ನೂ ಕಚ್ಚುತ್ತದೆ ಎಂದೇನಿಲ್ಲ. ಇವೆರಡೂ ಬೇರೆ ಬೇರೆ ಪ್ರವೃತ್ತಿಗಳು, ಒಂದಿದ್ದ ಮಾತ್ರಕ್ಕೆ ಇನ್ನೊಂದು ಇದ್ದೇ ಇರುತ್ತದೆಂದು ಭಾವಿಸುವಂತಿಲ್ಲ. ಗಡಿಗಾಗಿ ಕಾದಾಡಿದ ಬೀದಿ ನಾಯಿಯನ್ನೂ ಮಗುವಿನ ಮೇಲೆ ಎರಗಿದ ನಾಯಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೂ ಅಲ್ಲ, ಸಾರ್ವಜನಿಕ ಸುರಕ್ಷತೆಗೆ ಉಪಯುಕ್ತವೂ ಅಲ್ಲ.

ನೋವು ಮಾತನಾಡಿದಾಗ

ವರ್ಷಗಟ್ಟಲೆ ಶಾಂತವಾಗಿದ್ದ ನಾಯಿ ಏಕಾಏಕಿ ಜಗಳಕ್ಕೆ ನಿಂತರೆ ಮೊದಲು ಕರೆದೊಯ್ಯಬೇಕಾದದ್ದು ತರಬೇತುದಾರರ ಬಳಿಗಲ್ಲ, ಪಶುವೈದ್ಯರ ಬಳಿಗೆ. ಸೊಂಟದ ಕೀಲಿನ ದೋಷ, ಸಂಧಿವಾತ, ಕಿವಿಯ ಸೋಂಕು, ಹಲ್ಲುನೋವು, ಚರ್ಮದ ತುರಿಕೆ ಇವೆಲ್ಲವೂ ನಾಯಿಯ ಸಹನೆಯನ್ನು ಕುಗ್ಗಿಸುತ್ತವೆ. ಆಟಕ್ಕೆ ಬಂದ ನಾಯಿ ಮೈಮೇಲೆ ಹಾರಿದಾಗ ನೋಯುವ ಸೊಂಟಕ್ಕೆ ಪೆಟ್ಟಾದರೆ, ಮುಂದಿನ ಬಾರಿ ಅದು ಹತ್ತಿರ ಬರುವ ಮೊದಲೇ ಈ ನಾಯಿ ಓಡಿಸಲು ನೋಡುತ್ತದೆ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತಿತರರು 2020ರಲ್ಲಿ ಪ್ರಕಟಿಸಿದ ಪರಾಮರ್ಶೆಯ ಪ್ರಕಾರ, ವರ್ತನೆಯ ತೊಂದರೆಗಾಗಿ ತಜ್ಞರ ಬಳಿ ಬರುವ ಪ್ರಕರಣಗಳಲ್ಲಿ ಕನಿಷ್ಠ ಮೂರನೇ ಒಂದರಷ್ಟರಲ್ಲಿ ಯಾವುದಾದರೊಂದು ನೋವಿನ ಪಾತ್ರವಿರುತ್ತದೆ. ಮುಪ್ಪಿನಲ್ಲಿ ಕಣ್ಣು, ಕಿವಿ ಮಂದವಾದ ನಾಯಿ ಬೆಚ್ಚಿಬಿದ್ದು ಕಚ್ಚುವುದೂ ಉಂಟು.

ಸ್ವಭಾವದಲ್ಲಿ ದಿಢೀರ್ ಬದಲಾವಣೆಯೊಂದಿಗೆ ಜೊಲ್ಲು ಸುರಿಯುವುದು, ನುಂಗಲು ಕಷ್ಟಪಡುವುದು, ನಡಿಗೆ ತಪ್ಪುವುದು ಕಂಡುಬಂದರೆ ರೇಬೀಸ್ ಶಂಕಿಸಿ ದೂರವಿರಬೇಕು, ತಕ್ಷಣ ಪಶು ಆಸ್ಪತ್ರೆಗೆ ತಿಳಿಸಬೇಕು.

ಶಸ್ತ್ರಚಿಕಿತ್ಸೆ ಮದ್ದೇ?

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ನಾಯಿ ತಣ್ಣಗಾಗುತ್ತದೆ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಬೆದೆಗೆ ಬಂದ ಹೆಣ್ಣಿಗಾಗಿ ಅಲೆಯುವುದು, ಆ ಕಾರಣದಿಂದ ನಡೆಯುವ ಗಂಡು ನಾಯಿಗಳ ಕಾದಾಟ ಇದರಿಂದ ತಗ್ಗಬಹುದು. ಬೀದಿ ನಾಯಿಗಳ ಸಂಖ್ಯಾ ನಿಯಂತ್ರಣಕ್ಕೂ ಇದು ಅನಿವಾರ್ಯ. ಆದರೆ ಭಯದಿಂದ ಎರಗುವ ನಾಯಿಯ ಭಯವನ್ನು ಶಸ್ತ್ರಚಿಕಿತ್ಸೆ ನಿವಾರಿಸದು. ಎಲ್ಲ ಬಗೆಯ ಆಕ್ರಮಣಕ್ಕೂ ಇದನ್ನೇ ಮದ್ದೆಂದು ನಂಬಿ ಕೈಕಟ್ಟಿ ಕೂರುವುದು ಸರಿಯಲ್ಲ. ಯಾವ ವಯಸ್ಸಿನಲ್ಲಿ, ಯಾವ ನಾಯಿಗೆ ಎಂಬುದನ್ನು ಪಶುವೈದ್ಯರೊಂದಿಗೆ ಚರ್ಚಿಸಿ ನಿರ್ಧರಿಸುವುದು ಒಳಿತು.

ತಳಿಯ ಪಾತ್ರ ಎಷ್ಟು?

ತಳಿಯ ಪ್ರಭಾವ ಇಲ್ಲವೆನ್ನಲಾಗದು. ಇಂಗ್ಲೆಂಡಿನಲ್ಲಿ 1835ರ ಕಾನೂನು ಗೂಳಿ, ಕರಡಿಗಳ ಮೇಲೆ ನಾಯಿ ಛೂಬಿಡುವ ಮೋಜನ್ನು ನಿಷೇಧಿಸಿದ ಬಳಿಕ ಜೂಜುಕೋರರು ನಾಯಿಗೆ ನಾಯಿಯನ್ನೇ ಕಾದಾಡಿಸಲು ಹೊರಟರು. ಅದಕ್ಕಾಗಿ ಬುಲ್‌ಡಾಗ್ ಮತ್ತು ಟೆರಿಯರ್‌ಗಳನ್ನು ಬೆರೆಸಿದ ವಂಶಗಳಿಂದಲೇ ಪಿಟ್‌ಬುಲ್ ಬಗೆಯ ನಾಯಿಗಳು ರೂಪುಗೊಂಡವು. ಮೇಲೆ ಹೇಳಿದ ಸ್ಕಾಟ್ ಮತ್ತು ಫುಲ್ಲರ್ ಅವರ ಪ್ರಯೋಗಾಲಯದಲ್ಲೂ ಫಾಕ್ಸ್ ಟೆರಿಯರ್ ಮರಿಗಳು ಒಟ್ಟಾಗಿ ಒಂದು ಮರಿಯ ಮೇಲೆ ಬೀಳುತ್ತಿದ್ದುದರಿಂದ ಅವನ್ನು ಬೇರ್ಪಡಿಸಬೇಕಾಗುತ್ತಿತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮಾಲೀಕರ ಉತ್ತರಗಳನ್ನು ಆಧರಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಕಿಟಾ, ಜ್ಯಾಕ್ ರಸೆಲ್ ಟೆರಿಯರ್ ಹಾಗೂ ಪಿಟ್‌ಬುಲ್‌ಗಳ ಪೈಕಿ ಶೇ 20ಕ್ಕೂ ಹೆಚ್ಚು ನಾಯಿಗಳು ಅಪರಿಚಿತ ನಾಯಿಗಳ ಮೇಲೆ ತೀವ್ರ ಆಕ್ರಮಣ ತೋರಿದ್ದವು. ಕುತೂಹಲದ ಸಂಗತಿಯೆಂದರೆ, ಮನುಷ್ಯರ ಮೇಲಿನ ಆಕ್ರಮಣದಲ್ಲಿ ಮುಂದಿದ್ದವು ಡ್ಯಾಶ್‌ಹಂಡ್, ಚಿವಾವಾಗಳಂತಹ ಪುಟ್ಟ ನಾಯಿಗಳು.

ಆದಾಗ್ಯೂ ತಳಿಯ ಹೆಸರಿನಿಂದ ಒಂದು ನಾಯಿಯ ನಡತೆಯನ್ನು ಮುಂಚಿತವಾಗಿ ಹೇಳಲು ಸಾಧ್ಯವಿಲ್ಲ. 18 ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿ ಹಾಗೂ ಸುಮಾರು ಎರಡು ಸಾವಿರ ನಾಯಿಗಳ ವಂಶವಾಹಿಗಳನ್ನು ಪರಿಶೀಲಿಸಿ 'ಸೈನ್ಸ್' ಪತ್ರಿಕೆಯಲ್ಲಿ 2022ರಲ್ಲಿ ಪ್ರಕಟಿಸಲಾದ ಅಧ್ಯಯನದಂತೆ, ನಾಯಿಯಿಂದ ನಾಯಿಗೆ ಕಾಣುವ ವರ್ತನೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಕೇವಲ ಶೇ 9ರಷ್ಟು.

ಕೇಂದ್ರ ಸರ್ಕಾರವು 2024ರ ಮಾರ್ಚ್‌ನಲ್ಲಿ 23 ತಳಿಗಳ ನಾಯಿಗಳನ್ನು ಅಪಾಯಕಾರಿ ಎಂದು ಹೆಸರಿಸಿ ಅವುಗಳ ಆಮದು, ಸಂವರ್ಧನೆ, ಮಾರಾಟಕ್ಕೆ ತಡೆಯೊಡ್ಡುವಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತ್ತು. ಸಂಬಂಧಪಟ್ಟವರ ಅಭಿಪ್ರಾಯ ಆಲಿಸದೆ ಹೊರಡಿಸಲಾಗಿದೆ ಎಂಬ ಕಾರಣದಿಂದ ಕರ್ನಾಟಕ ಹೈಕೋರ್ಟ್ ಆ ವರ್ಷದ ಏಪ್ರಿಲ್ 10ರಂದು ಅದನ್ನು ರದ್ದುಪಡಿಸಿತು.

ಬೇಟೆಯ ಪ್ರವೃತ್ತಿಯನ್ನು ಆಕ್ರಮಣದೊಂದಿಗೆ ಬೆರೆಸಬಾರದು. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ, ಗ್ರೇಹೌಂಡ್ ಮುಂತಾದವು ಓಡುವುದನ್ನು ಕಣ್ಣಿನಿಂದ ಗುರುತಿಸಿ ಬೆನ್ನಟ್ಟಲು ರೂಪುಗೊಂಡ ತಳಿಗಳು. ಪುಟ್ಟ ನಾಯಿಯೊಂದು ಚಂಗನೆ ಓಡಿದಾಗ ಇಂತಹ ನಾಯಿ ಸದ್ದಿಲ್ಲದೆ ಬೆನ್ನಟ್ಟಿದರೆ ಅದು ಹಗೆಯಲ್ಲ, ಬೇಟೆ. ಪರಿಣಾಮ ಮಾತ್ರ ಘೋರವಾಗಬಹುದಾದ್ದರಿಂದ ತೆರೆದ ಸ್ಥಳದಲ್ಲಿ ಸರಪಳಿ ಬಿಚ್ಚುವ ಮುನ್ನ ಯೋಚಿಸಬೇಕು.

'ಯಜಮಾನಿಕೆ'ಯ ಮಿಥ್ಯೆ

ನಾಯಿ ತಾನೇ ನಾಯಕನಾಗಲು ಹೊರಟಿದೆ, ಆದ್ದರಿಂದ ಅದನ್ನು ನೆಲಕ್ಕೆ ಕೆಡವಿ ಅದುಮಿ ಹಿಡಿದು 'ಯಜಮಾನ ಯಾರು' ಎಂದು ತೋರಿಸಬೇಕೆಂಬ ತರಬೇತಿ ಕ್ರಮ ಇನ್ನೂ ಚಾಲ್ತಿಯಲ್ಲಿದೆ. ಇದರ ಮೂಲವಿರುವುದು 1947ರಲ್ಲಿ ರುಡಾಲ್ಫ್ ಶೆಂಕೆಲ್ ಸೆರೆಯಲ್ಲಿದ್ದ ತೋಳಗಳ ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ. ಒಂದೇ ಆವರಣದಲ್ಲಿ ಕೂಡಿಹಾಕಿದ ತೋಳಗಳು ಮೇಲುಗೈಗಾಗಿ ಕಾದಾಡುತ್ತಿದ್ದವು. ಅಮೆರಿಕದ ವಿಜ್ಞಾನಿ ಡೇವಿಡ್ ಮೆಕ್ 1970ರಲ್ಲಿ ಬರೆದ ತೋಳದ ಕುರಿತ ಗ್ರಂಥ ಈ ಕಲ್ಪನೆಗೆ ವ್ಯಾಪಕ ಪ್ರಚಾರ ನೀಡಿತು. ಆದರೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಗಮನಿಸಿದ ಅದೇ ಮೆಕ್, 1999ರಲ್ಲಿ ಬರೆದ ಪ್ರಬಂಧದಲ್ಲಿ ತೋಳದ ಹಿಂಡೆಂದರೆ ತಂದೆ, ತಾಯಿ ಮತ್ತು ಮಕ್ಕಳ ಕುಟುಂಬವೆಂದು ಸ್ಪಷ್ಟಪಡಿಸಿದರು. ಕಾದಾಡಿ ಗೆದ್ದ 'ನಾಯಕ' ಎಂಬ ಕಲ್ಪನೆ ಅಲ್ಲಿಗೆ ಬುಡ ಕಳೆದುಕೊಂಡಿತು.

ಬಲಪ್ರಯೋಗದ ಪರಿಣಾಮವನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2009ರಲ್ಲಿ ದಾಖಲಿಸಿದ್ದಾರೆ. ವರ್ತನೆಯ ತೊಂದರೆಗಾಗಿ ತಮ್ಮಲ್ಲಿಗೆ ಬಂದ 140 ನಾಯಿಗಳ ಮಾಲೀಕರನ್ನು ಅವರು ಪ್ರಶ್ನಿಸಿದ್ದರು. ಹೊಡೆತ ಅಥವಾ ಒದೆತಕ್ಕೆ ಗುರಿಯಾದ ನಾಯಿಗಳಲ್ಲಿ ಶೇ 43ರಷ್ಟು, ನೆಲಕ್ಕೆ ಕೆಡವಿ ಅದುಮಿದ ನಾಯಿಗಳಲ್ಲಿ ಶೇ 31ರಷ್ಟು ನಾಯಿಗಳು ಪ್ರತಿಯಾಗಿ ಆಕ್ರಮಣ ತೋರಿದ್ದವು. ಎದುರಿಗೆ ನಾಯಿ ಬಂದಾಗಲೆಲ್ಲ ಏಟು ತಿನ್ನುವ ನಾಯಿ, ಆ ಏಟಿಗೆ ಎದುರಿನ ನಾಯಿಯೇ ಕಾರಣವೆಂದು ಭಾವಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಪರಿಹಾರದ ದಾರಿ

ತಜ್ಞರು ಸೂಚಿಸುವ ಕ್ರಮದ ತಿರುಳು ಸರಳ. ಎದುರಿನ ನಾಯಿಯ ಕುರಿತ ಭಾವನೆಯನ್ನೇ ಬದಲಿಸಬೇಕು. ಪ್ರತಿಯೊಂದು ನಾಯಿಗೂ ಇಷ್ಟು ದೂರದಲ್ಲಿ ಇನ್ನೊಂದು ನಾಯಿಯಿದ್ದರೆ ಸಹಿಸಬಲ್ಲೆ ಎಂಬ ಒಂದು ಅಂತರವಿರುತ್ತದೆ. ಕೆಲವಕ್ಕೆ ಅದು 20 ಅಡಿ, ಕೆಲವಕ್ಕೆ 100 ಅಡಿ. ಆ ಅಂತರದಲ್ಲಿ ನಿಂತು, ಇನ್ನೊಂದು ನಾಯಿ ಕಂಡ ಕೂಡಲೇ ಬೇಯಿಸಿದ ಕೋಳಿಮಾಂಸದ ಚೂರು, ಪನೀರಿನಂತಹ ಅತಿ ಪ್ರಿಯವಾದ ತಿನಿಸನ್ನು ನೀಡಬೇಕು. ಅದು ಕಣ್ಮರೆಯಾದೊಡನೆ ತಿನಿಸೂ ನಿಲ್ಲಬೇಕು. ನಾಯಿ ಬಂದರೆ ಒಳ್ಳೆಯದೇ ಆಗುತ್ತದೆ ಎಂಬ ಹೊಸ ಪಾಠ ನೆಲೆಗೊಂಡ ಮೇಲೆ ಅಂತರವನ್ನು ಸ್ವಲ್ಪಸ್ವಲ್ಪವಾಗಿ ತಗ್ಗಿಸಬೇಕು. ಇದಕ್ಕೆ ವಾರಗಳಲ್ಲ, ತಿಂಗಳುಗಳೇ ಬೇಕು. ನಾಯಿ ಬೊಗಳತೊಡಗಿದರೆ ಅಂತರ ಸಾಲದಾಯಿತೆಂದು ತಿಳಿದು ಹಿಂದೆ ಸರಿಯಬೇಕು.

ಇದರೊಂದಿಗೆ ಗಮನಿಸಬೇಕಾದ ಅಂಶಗಳು:

• ಜನ, ನಾಯಿಗಳ ಸಂಚಾರ ಕಡಿಮೆಯಿರುವ ಹೊತ್ತು ಮತ್ತು ದಾರಿಯನ್ನು ಆಯ್ದುಕೊಳ್ಳಬೇಕು.

• ಕುತ್ತಿಗೆಯ ಬೆಲ್ಟಿನ ಬದಲು ಎದೆಗೆ ತೊಡಿಸುವ ಪಟ್ಟಿ ಬಳಸುವುದು ಲೇಸು. ಮುಳ್ಳಿನ ಅಥವಾ ಉಸಿರುಗಟ್ಟಿಸುವ ಬೆಲ್ಟುಗಳನ್ನು ದೂರವಿಡಬೇಕು.

• ಕಚ್ಚಿದ ಇತಿಹಾಸವಿರುವ ನಾಯಿಗೆ, ಬಾಯಿ ತೆರೆದು ಉಸಿರಾಡಲು ಅನುವಾಗುವ ಬುಟ್ಟಿಯಾಕಾರದ ಬಾಯಿಕುಕ್ಕೆಯನ್ನು ತಿನಿಸಿನ ಮೂಲಕ ನಿಧಾನವಾಗಿ ರೂಢಿಮಾಡಿಸಬೇಕು.

• ಮನೆಗೆ ಎರಡನೆಯ ನಾಯಿ ತರುವಾಗ ಮೊದಲ ಭೇಟಿ ಮನೆಯೊಳಗೆ ಬೇಡ. ಎರಡಕ್ಕೂ ಪರಿಚಯವಿಲ್ಲದ ರಸ್ತೆಯಲ್ಲಿ, ಇಬ್ಬರು ಹಿಡಿದುಕೊಂಡು, ಅಂತರವಿಟ್ಟು ಒಂದೇ ದಿಕ್ಕಿಗೆ ನಡೆಸುವುದು ಉತ್ತಮ.

• ತೀವ್ರ ಆತಂಕದ ಪ್ರಕರಣಗಳಲ್ಲಿ ಪಶುವೈದ್ಯರು ಫ್ಲೂಯೊಕ್ಸೆಟಿನ್‌ನಂತಹ ಔಷಧವನ್ನು ತರಬೇತಿಗೆ ಪೂರಕವಾಗಿ ಸೂಚಿಸಬಹುದು. ಮನುಷ್ಯರಿಗೆ ನೀಡಿದ ಮಾತ್ರೆಯನ್ನು ಸ್ವತಃ ಕೊಡುವುದು ಅಪಾಯಕಾರಿ.

ಎಲ್ಲ ನಾಯಿಗಳೂ ಎಲ್ಲ ನಾಯಿಗಳೊಂದಿಗೆ ಬೆರೆಯಲೇಬೇಕೆಂಬ ನಿರೀಕ್ಷೆಯೂ ಸಲ್ಲದು. ಎದುರಿನ ನಾಯಿಯನ್ನು ಕಂಡು ಸುಮ್ಮನೆ ದಾಟಿ ಹೋಗುವಷ್ಟು ಸಮಾಧಾನ ಬಂದರೆ ಅದೇ ಯಶಸ್ಸು.

ಜಗಳ ಬಿಡಿಸುವಾಗ

ಕಾದಾಡುವ ನಾಯಿಗಳ ನಡುವೆ ಕೈಯಿಕ್ಕಿ ಕಚ್ಚಿಸಿಕೊಂಡವರು ಅನೇಕ. ಉದ್ರೇಕದಲ್ಲಿರುವ ನಾಯಿ ಎದುರಿಗಿರುವುದು ತನ್ನ ಮಾಲೀಕರ ಕೈಯೆಂದು ಅರಿಯದು. ನೀರು ಎರಚುವುದು, ಜೋರಾದ ಸದ್ದು ಮಾಡುವುದು, ಕುರ್ಚಿ, ಹಲಗೆ ಅಥವಾ ಬಿಚ್ಚಿದ ಕೊಡೆಯನ್ನು ನಡುವೆ ತೂರಿಸುವುದು ಕೈಯಿಕ್ಕುವುದಕ್ಕಿಂತ ಸುರಕ್ಷಿತ. ಬೇರ್ಪಟ್ಟ ಬಳಿಕ ಎರಡನ್ನೂ ಪರಸ್ಪರ ಕಾಣದಂತೆ ಇಡಬೇಕು. ಕೋರೆಹಲ್ಲಿನ ಗಾಯ ಹೊರಗೆ ಚಿಕ್ಕದಾಗಿ ಕಂಡರೂ ಒಳಗೆ ಆಳವಾಗಿರುತ್ತದೆ. ಆದ್ದರಿಂದ ನಾಯಿಯನ್ನು ಪಶುವೈದ್ಯರಿಗೆ ತೋರಿಸಿ ರೇಬೀಸ್ ಲಸಿಕೆಯ ಬಗ್ಗೆಯೂ ವಿಚಾರಿಸಬೇಕು. ಮನುಷ್ಯರಿಗೆ ಹಲ್ಲು ತಾಗಿದ್ದರೆ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಚಿಕಿತ್ಸೆಯಿಲ್ಲ.

ನಾಯಿಗಳನ್ನು ಬೇಕೆಂದೇ ಕಾದಾಟಕ್ಕೆ ಪ್ರಚೋದಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಸಾಕಿದ ನಾಯಿಯನ್ನು ಹಸಿವು, ಬಾಯಾರಿಕೆಯಿಂದ ನರಳುವಂತೆ ಬೀದಿಗೆ ಬಿಟ್ಟುಬಿಡುವುದೂ ಅದೇ ಕಾಯ್ದೆಯಡಿ ಅಪರಾಧವೇ. ಜಗಳವಾಡಿತೆಂದು ಬೀದಿಪಾಲಾದ ಸಾಕುನಾಯಿ ಇನ್ನೊಂದು ಗುಂಪಿನ ಗಡಿಯಲ್ಲಿ, ತನಗೆ ಅರಿಯದ ನಿಯಮಗಳ ನಡುವೆ ಬಹುಕಾಲ ಬದುಕುಳಿಯುವುದು ಕಷ್ಟ. ನಾಯಿ ಗುರುಗುಟ್ಟಿದಾಗ ಕೋಲು ಹುಡುಕುವ ಬದಲು ಕಾರಣ ಹುಡುಕುವುದರಿಂದ ಆ ನಾಯಿಗೂ ಎದುರಿನ ನಾಯಿಗೂ ನಡುವೆ ನಿಂತ ಮನುಷ್ಯರಿಗೂ ಕ್ಷೇಮ.